ಕಷಾಯಕ್ಕೊಂದು ಹೊತ್ತಿದೆ

ಬೇವಿನ ಬೀಜದ ಕಷಾಯ ಹೊಡೆದ ಮರುದಿನ ಬೆಳಿಗ್ಗೆ ಹೊಲಕ್ಕೆ ಹೋಗಿ ನೋಡಿದರೆ ಹುಳುಗಳು ಸತ್ತು ಬಿದ್ದಿರುವುದಿಲ್ಲ. ಎಲೆಯ ಮೇಲೆಯೇ ಇರುತ್ತವೆ, ಓಡಾಡುತ್ತಲೂ ಇರುತ್ತವೆ. ಅಂಗಡಿಯ ಔಷಧಿ ಹೊಡೆದು ಸಂಜೆಯೊಳಗೆ ಹುಳು ಉದುರುವುದನ್ನು ಕಂಡು ರೂಢಿಯಾದ ರೈತನಿಗೆ ಇದು ನಿರಾಶೆ ತರುತ್ತದೆ. ಕಷಾಯದಿಂದ ಏನೂ ಆಗುವುದಿಲ್ಲ ಎಂದುಕೊಂಡು ಎರಡು ದಿನ ಬಿಟ್ಟು ಮತ್ತೆ ಅಂಗಡಿಯ ಬಾಗಿಲಿಗೆ ಹೋಗುತ್ತಾನೆ. ಇನ್ನೊಂದು ಕಡೆ, ಗಿಡದಿಂದ ಬಂದದ್ದಾದರೆ ಸಾಕು, ಯಾವ ಹುಳುವಿಗೂ ಅದೇ ರಾಮಬಾಣ ಎಂದು ವೇದಿಕೆ ಹತ್ತಿ ಹೇಳುವವರಿದ್ದಾರೆ. ಸಸ್ಯಗಳ ರಸದಿಂದ ಬೆಳೆಯ ಹುಳು ತಡೆಯುವ ವಿಚಾರದಲ್ಲಿ ನಮ್ಮಲ್ಲಿ ನಡೆಯುವ ಮಾತು ಬಹುಮಟ್ಟಿಗೆ ಈ ಎರಡು ತುದಿಗಳಲ್ಲೇ ನಿಂತಿದೆ. ಅರವತ್ತು ವರ್ಷಗಳಿಂದ ಪ್ರಯೋಗಾಲಯಗಳಲ್ಲೂ ಹೊಲಗಳಲ್ಲೂ ತಿಳಿದುಬಂದದ್ದನ್ನು ಒಟ್ಟಿಗೆ ಇಟ್ಟು ನೋಡಿದರೆ ನನಗೆ ಮನದಟ್ಟಾಗುವುದು ಇಷ್ಟು: ಕಷಾಯ ಕೆಲಸ ಮಾಡುತ್ತದೆ, ಆದರೆ ಹುಳು ಇನ್ನೂ ಮೊಟ್ಟೆಯಲ್ಲಿರುವಾಗ, ಅಥವಾ ಆಗಷ್ಟೇ ಹೊರಬಂದು ಎಲೆ ಕೆರೆಯುತ್ತಿರುವಾಗ. ಆ ಹೊತ್ತು ಮೀರಿದ ಮೇಲೆ ಹೊಡೆದು, ಸೋತರೆ ಬೇವನ್ನು ದೂರುವುದು ನ್ಯಾಯವಲ್ಲ.

ಬೇವಿನ ಬೀಜದಲ್ಲಿರುವ ಮುಖ್ಯ ವಸ್ತುವಿನ ಹೆಸರು ಅಜಾಡಿರಾಕ್ಟಿನ್. ಅದು ಮೊದಲು ಮಾಡುವುದು ಹುಳುವಿನ ಬಾಯಿ ಕಟ್ಟುವ ಕೆಲಸ. ಎಲೆಯನ್ನು ಕಚ್ಚಿ ನೋಡಿದ ಹುಳು ಮುಂದೆ ತಿನ್ನುವುದಿಲ್ಲ, ತಿಂದರೂ ಕಡಿಮೆ ತಿನ್ನುತ್ತದೆ. ಎರಡನೆಯ ಕೆಲಸ ಇನ್ನೂ ಆಳದ್ದು. ಮರಿಹುಳು ಬೆಳೆಯಬೇಕಾದರೆ ಹಲವು ಬಾರಿ ಪೊರೆ ಕಳಚಬೇಕು. ಆ ಕಳಚುವಿಕೆಯನ್ನು ನಡೆಸುವ ಹಾರ್ಮೋನು ಹೊತ್ತಿಗೆ ಸರಿಯಾಗಿ ಸ್ರವಿಸದಂತೆ ಅಜಾಡಿರಾಕ್ಟಿನ್ ಕೆಡಿಸುತ್ತದೆ. ಹಳೆಯ ಪೊರೆಯಿಂದ ಪೂರ್ತಿ ಹೊರಬರಲಾಗದೆ ಹುಳು ಅರ್ಧದಲ್ಲೇ ಸಿಕ್ಕಿ ಸಾಯುತ್ತದೆ, ಇಲ್ಲವೆ ಕೋಶವಾಗದೆ ಉಳಿಯುತ್ತದೆ, ಇಲ್ಲವೆ ರೆಕ್ಕೆ ಮುದುಡಿದ ಪತಂಗವಾಗಿ ಹೊರಬಂದು ಮೊಟ್ಟೆ ಇಡಲಾರದೆ ಹೋಗುತ್ತದೆ. ಇದಕ್ಕೆಲ್ಲ ದಿನಗಳು ಹಿಡಿಯುತ್ತವೆ. ಆದ್ದರಿಂದ ಕಷಾಯದ ಫಲವನ್ನು ಸತ್ತ ಹುಳು ಎಣಿಸಿ ಅಳೆಯಬಾರದು. ವಾರದ ನಂತರ ಹೊಸ ಎಲೆಗೆ ಎಷ್ಟು ತೂತು ಬಿದ್ದಿದೆ ಎಂಬುದನ್ನು ನೋಡಬೇಕು. ಬಲಿತ ಹುಳು ಪೊರೆ ಕಳಚುವ ಸರದಿಯನ್ನು ಬಹುಮಟ್ಟಿಗೆ ಮುಗಿಸಿಕೊಂಡಿರುತ್ತದೆ, ಅದರ ಹಸಿವೂ ದೊಡ್ಡದು. ಅದರ ಮೇಲೆ ಕಷಾಯ ಹೊಡೆಯುವುದು ಬಹುತೇಕ ದಂಡ.

ಬೇವಿನ ಈ ಗುಣ ವಿಜ್ಞಾನಿಗಳ ಕಣ್ಣಿಗೆ ಬಿದ್ದದ್ದು ಮಿಡತೆಗಳಿಂದ. 1959ರಲ್ಲಿ ಸುಡಾನ್ ದೇಶದಲ್ಲಿದ್ದ ಜರ್ಮನಿಯ ಕೀಟಶಾಸ್ತ್ರಜ್ಞ ಹೈನ್ರಿಶ್ ಶ್ಮುಟರರ್ ಮಿಡತೆಯ ದಂಡು ಸುತ್ತಲಿನ ಹಸಿರನ್ನೆಲ್ಲ ಬೋಳಿಸಿದರೂ ಬೇವಿನ ಮರಗಳನ್ನು ಮಾತ್ರ ಬಿಟ್ಟು ಹೋದದ್ದನ್ನು ನೋಡಿದರು. ಅದಾಗಿ ಮೂರು ವರ್ಷಕ್ಕೆ, 1962ರಲ್ಲಿ, ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯ ಹೊಲಗಳಿಗೆ ಮಿಡತೆ ಇಳಿದಾಗ, ಎಸ್. ಪ್ರಧಾನ್ ಮತ್ತು ಅವರ ಸಂಗಡಿಗರು ಬೇವಿನ ತಿರುಳನ್ನು ನೀರಿನಲ್ಲಿ ಕದಡಿ ಬೆಳೆಗೆ ಸಿಂಪಡಿಸಿದರು. ಮಿಡತೆಗಳು ಆ ಬೆಳೆಯ ಮೇಲೆ ಕೂತವು, ತಿನ್ನಲಿಲ್ಲ. 1968ರಲ್ಲಿ ಇಂಗ್ಲೆಂಡಿನ ಬಟರ್‌ವರ್ತ್ ಮತ್ತು ಮಾರ್ಗನ್ ಅಜಾಡಿರಾಕ್ಟಿನ್ ಅನ್ನು ಬೇರ್ಪಡಿಸಿದರು. ಅದರ ಅಣುವಿನ ರಚನೆ ಎಷ್ಟು ಜಟಿಲವೆಂದರೆ ಸರಿಯಾದ ರೂಪ ಗೊತ್ತಾಗಲು 1980ರ ದಶಕ ಬರಬೇಕಾಯಿತು. ಕೇಂಬ್ರಿಜ್‌ನಲ್ಲಿ ಸ್ಟೀವನ್ ಲೇ ಅವರ ತಂಡ 22 ವರ್ಷ ದುಡಿದು 2007ರಲ್ಲಿ ಅದನ್ನು ಪ್ರಯೋಗಾಲಯದಲ್ಲಿ ಕಟ್ಟಿ ತೋರಿಸಿತು. ಆದರೂ ಕಾರ್ಖಾನೆಯಲ್ಲಿ ಅದನ್ನು ತಯಾರಿಸಿ ಮಾರುವುದು ಲಾಭದ ಬಾಬಲ್ಲ. ಇಂದಿಗೂ ಜಗತ್ತಿನ ಅಜಾಡಿರಾಕ್ಟಿನ್ ಬರುವುದು ಮರದ ಕೆಳಗೆ ಬಿದ್ದ ಹಣ್ಣನ್ನು ಯಾರೋ ಆಯ್ದು ತಂದಾಗಲೇ.

ಹಾಗಾದರೆ ಆ ಒಂದು ವಸ್ತುವನ್ನು ಶುದ್ಧ ಮಾಡಿ ಡಬ್ಬಿಗೆ ತುಂಬಿದರೆ ಸಾಕಲ್ಲವೇ? ಈ ಪ್ರಶ್ನೆಗೆ ಕೆನಡಾದಲ್ಲಿ ಫೆಂಗ್ ಮತ್ತು ಮರ್ರೆ ಇಸ್ಮಾನ್ ಮಾಡಿ 1995ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಉತ್ತರ ಕೊಡುತ್ತದೆ. ನಾನು ಈ ವಿಷಯದಲ್ಲಿ ಓದಿದ್ದರಲ್ಲಿ ಅತಿ ಮುಖ್ಯವೆಂದು ಎಣಿಸುವುದು ಇದನ್ನೇ. ಹಸಿರು ಸಸ್ಯಹೇನುಗಳ ಒಂದು ಗುಂಪಿಗೆ ಶುದ್ಧ ಅಜಾಡಿರಾಕ್ಟಿನ್, ಇನ್ನೊಂದು ಗುಂಪಿಗೆ ಅಷ್ಟೇ ಅಜಾಡಿರಾಕ್ಟಿನ್ ಇರುವ ಇಡೀ ಬೀಜದ ಸಾರ ಕೊಡುತ್ತಾ 40 ತಲೆಮಾರುಗಳವರೆಗೆ ಸಾಕಿದರು. ಶುದ್ಧ ವಸ್ತು ಉಂಡ ಹೇನುಗಳು ಅದನ್ನು ಒಂಬತ್ತು ಪಟ್ಟು ತಡೆದುಕೊಳ್ಳುವಷ್ಟು ಗಟ್ಟಿಯಾದವು. ಬೀಜದ ಸಾರ ಉಂಡವುಗಳಲ್ಲಿ ಆ ಗಟ್ಟಿತನ ಬರಲೇ ಇಲ್ಲ. ಬೇವಿನಲ್ಲಿ ಅಜಾಡಿರಾಕ್ಟಿನ್ ಜೊತೆಗೆ ನಿಂಬಿನ್, ಸಲಾನಿನ್ ಮುಂತಾದ ನೂರಕ್ಕೂ ಹೆಚ್ಚು ಕಹಿ ವಸ್ತುಗಳಿವೆ. ಎಲ್ಲವನ್ನೂ ಒಟ್ಟಿಗೆ ಎದುರಿಸುವ ದಾರಿ ಹುಳುವಿಗೆ ಸುಲಭಕ್ಕೆ ಸಿಗುವುದಿಲ್ಲ. ಮನೆಯಲ್ಲಿ ಬೀಜ ಕುಟ್ಟಿ ನೆನೆಹಾಕಿದ ಕಷಾಯಕ್ಕೆ ಶುದ್ಧ ರಾಸಾಯನಿಕಕ್ಕಿಲ್ಲದ ಶಕ್ತಿ ಇದೆ ಎಂದು ಹಳ್ಳಿಯವರು ಹೇಳಿದರೆ ನಗುವ ಕಾಲ ಹೋಗಬೇಕು.

ಒಗ್ಗಿಕೊಳ್ಳುವ ಹುಳುವಿನ ಕಥೆ ಕರ್ನಾಟಕದಲ್ಲಿ ಚೆನ್ನಾಗಿ ಗೊತ್ತಿರುವುದು ಕೋಲಾರ, ಮಾಲೂರು, ಹೊಸಕೋಟೆ ಸೀಮೆಯ ಎಲೆಕೋಸು ಬೆಳೆಗಾರರಿಗೆ. ವಜ್ರಬೆನ್ನಿನ ಪತಂಗದ ಪುಟ್ಟ ಹಸಿರು ಹುಳು ಎಲೆಕೋಸನ್ನು ಜರಡಿ ಮಾಡುತ್ತದೆ. 1950ರ ದಶಕದ ಆರಂಭದಲ್ಲೇ ಜಾವಾದಲ್ಲಿ ಇದು ಡಿಡಿಟಿಗೆ ಬಗ್ಗದೆ ಹೋಯಿತು. ಆಮೇಲೆ ಬಂದ ಔಷಧಿಗಳನ್ನು ಒಂದೊಂದಾಗಿ ಜೀರ್ಣಿಸಿಕೊಂಡಿತು. ಬಿಟಿ ಬ್ಯಾಕ್ಟೀರಿಯಾದ ಸಿಂಪಡಣೆಗೂ ಹೊಲದಲ್ಲೇ ಒಗ್ಗಿಕೊಂಡ ಮೊದಲ ಕೀಟ ಇದು. ಒಂದೇ ಬೆಳೆಗೆ ಹಲವು ಬಾರಿ, ಹಲವು ಔಷಧಿ ಬೆರೆಸಿ ಹೊಡೆಯುವ ಪರಿಪಾಠ ಬೆಳೆದಿರುವಾಗ ಬೆಂಗಳೂರಿನ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಬೇರೆ ದಾರಿ ಹುಡುಕಿತು. ಪ್ರತಿ 25 ಸಾಲು ಎಲೆಕೋಸಿಗೆ ಎರಡು ಸಾಲು ಸಾಸಿವೆ. ಒಂದನ್ನು ಕೋಸಿನ ಸಸಿ ನೆಡುವ 15 ದಿನ ಮೊದಲು, ಇನ್ನೊಂದನ್ನು ನೆಟ್ಟ 25 ದಿನಕ್ಕೆ ಬಿತ್ತಬೇಕು. ಪತಂಗ ಸಾಸಿವೆಯ ಘಾಟಿಗೆ ಮರುಳಾಗಿ ಅಲ್ಲೇ ಮೊಟ್ಟೆ ಇಡುತ್ತದೆ. ಕೋಸಿನ ಮೇಲೆ ಪುಡಿ ಮಾಡಿದ ಬೇವಿನ ಬೀಜದ ಶೇ 4ರ ಕಷಾಯ. ಮುಂದೆ ಅದೇ ಸಂಸ್ಥೆ ಬೇವಿನ ಎಣ್ಣೆಯ ಸೋಪು, ಹೊಂಗೆ ಎಣ್ಣೆಯ ಸೋಪು ತಯಾರಿಸುವ ತಂತ್ರವನ್ನೂ ಕೊಟ್ಟಿತು. ಬೀಜ ಆಯ್ದು, ಒಣಗಿಸಿ, ಕುಟ್ಟಿ, ಸೋಸಲು ಆಳು ಸಿಗದ ಕಡೆ ಈ ಸೋಪು ನಿಜವಾದ ಅನುಕೂಲ. ನೀರಿಗೆ ಕರಗಿಸಿ ಹೊಡೆದರೆ ಆಯಿತು. ಎಣ್ಣೆ ನೀರಿನಲ್ಲಿ ಬೆರೆಯದೆ ತೇಲಿ ನಿಂತು ಎಲೆ ಸುಡುವ ತೊಂದರೆ ಕೂಡ ಇಲ್ಲಿ ಕಡಿಮೆ. ಕೋಲಾರದ ಆಳದ ಕೊಳವೆಬಾವಿಯ ಗಡಸು ನೀರಿನಲ್ಲಿ ಯಾವ ಸೋಪೂ ಸರಿಯಾಗಿ ಕರಗುವುದಿಲ್ಲ ಎಂಬುದೊಂದು ತೊಡಕು.

ಎಲೆಕೋಸಿನ ಈ ಪ್ರಯೋಗದಲ್ಲಿ ಗಮನಿಸಬೇಕಾದದ್ದು ಸಾಸಿವೆಯ ಪಾಲನ್ನು. ಕಷಾಯವೊಂದೇ ಅಲ್ಲಿ ಗೆಲ್ಲಲಿಲ್ಲ. ಪತಂಗವನ್ನು ಬೇರೆಡೆಗೆ ಸೆಳೆದು, ಹೊರೆ ಕಡಿಮೆ ಮಾಡಿ, ಉಳಿದದ್ದನ್ನು ಬೇವಿಗೆ ಒಪ್ಪಿಸಲಾಯಿತು. ಕಷಾಯ ಗೆದ್ದ ಕಡೆಗಳಲ್ಲೆಲ್ಲ ಅದರ ಪಕ್ಕದಲ್ಲಿ ಇಂಥದ್ದೇನಾದರೂ ಇದ್ದೇ ಇರುತ್ತದೆ: ಬೇಸಿಗೆಯ ಆಳ ಉಳುಮೆ, ಮೋಹಕ ಬಲೆ, ಹಕ್ಕಿ ಕೂರಲು ನೆಟ್ಟ ಕವಲು ಕೋಲು, ಮೊಟ್ಟೆಯ ಗುಂಪನ್ನು ಕೈಯಿಂದ ಹಿಸುಕುವ ಕೆಲಸ. ಆಗ ಆಂಧ್ರದಲ್ಲಿದ್ದ ಖಮ್ಮಂ ಜಿಲ್ಲೆಯ ಪುನುಕುಲ ಎಂಬ ಹಳ್ಳಿ 2000ದ ದಶಕದ ಮೊದಲ ವರ್ಷಗಳಲ್ಲಿ ರಾಸಾಯನಿಕ ಕೀಟನಾಶಕವನ್ನು ಪೂರ್ತಿ ಬಿಟ್ಟು ಹತ್ತಿ, ಮೆಣಸಿನಕಾಯಿ ಬೆಳೆದದ್ದು ಹೀಗೆಯೇ. ಊರಿಗೆ ಊರೇ ಒಪ್ಪಿದ್ದರಿಂದ ಅಲ್ಲಿ ಆಯಿತು. ಒಬ್ಬನ ಹೊಲದಲ್ಲಿ ಕಷಾಯ, ಸುತ್ತ ನಾಲ್ಕೂ ಕಡೆ ಬೇರೆ ಔಷಧಿ ಎಂದಾಗ ಮಿತ್ರಕೀಟಗಳು ಉಳಿಯುವುದಿಲ್ಲ.

ಬೇವಿನಾಚೆಗೆ ಹೋದರೆ ಪಟ್ಟಿ ಉದ್ದ, ಪುರಾವೆ ಅಷ್ಟು ಉದ್ದವಿಲ್ಲ. ಲಕ್ಕಿ, ಎಕ್ಕ, ಸೀತಾಫಲದ ಬೀಜ, ಹೊಂಗೆ, ಲಂಟಾನ, ತುಳಸಿ, ಬಜೆ ಎಲ್ಲಕ್ಕೂ ಪ್ರಯೋಗಾಲಯದ ತಟ್ಟೆಯಲ್ಲಿ ಹುಳುವಿನ ಮೇಲೆ ಪರಿಣಾಮವಿದೆ ಎಂಬ ವರದಿಗಳು ರಾಶಿ ರಾಶಿ. ಪ್ರಪಂಚದಾದ್ಯಂತ ಇಂಥ ಸಾವಿರಾರು ಗಿಡಗಳನ್ನು ಪರೀಕ್ಷಿಸಿದ್ದಾರೆ. ಮಳೆ, ಬಿಸಿಲು, ಎತ್ತರದ ಗಿಡ, ಬೆನ್ನಿನ ಪಂಪು ಎಲ್ಲ ಇರುವ ನಿಜದ ಹೊಲದಲ್ಲಿ ನಿಂತು ಮಾರುಕಟ್ಟೆಯವರೆಗೆ ಬಂದವು ಬೆರಳೆಣಿಕೆಯಷ್ಟು ಮಾತ್ರ. ಉತ್ತರ ಕರ್ನಾಟಕದಲ್ಲಿ ಬೆಳ್ಳುಳ್ಳಿ, ಹಸಿಮೆಣಸಿನಕಾಯಿ ರುಬ್ಬಿ ಸೀಮೆಎಣ್ಣೆಯೊಂದಿಗೆ ಮಾಡುವ ಕಷಾಯವನ್ನು ಧಾರವಾಡದ ಕೃಷಿ ವಿಶ್ವವಿದ್ಯಾಲಯ ತೊಗರಿ, ಮೆಣಸಿನಕಾಯಿ ಬೆಳೆಗಳಲ್ಲಿ ಪರೀಕ್ಷೆಗೆ ಒಡ್ಡಿದೆ. ಸುಭಾಷ್ ಪಾಳೇಕರ್ ಅವರ ಶೂನ್ಯ ಬಂಡವಾಳದ ಕೃಷಿಯ ಮೂಲಕ ನೀಮಾಸ್ತ್ರ, ಬ್ರಹ್ಮಾಸ್ತ್ರ, ಅಗ್ನಿಅಸ್ತ್ರ, ದಶಪರ್ಣಿ ಕಷಾಯಗಳು ನಮ್ಮ ಹಳ್ಳಿಗಳಲ್ಲಿ ಹರಡಿವೆ. ರೈತರು ಇವುಗಳಿಂದ ಖರ್ಚು ಉಳಿಸಿಕೊಂಡಿದ್ದಾರೆ, ಅದು ಸಣ್ಣ ಮಾತಲ್ಲ. ಆದರೆ ಹತ್ತು ಎಲೆ ಕುದಿಸಿದ ಪಾತ್ರೆಯಲ್ಲಿ ಯಾವ ಎಲೆ ಯಾವ ಹುಳುವಿನ ಮೇಲೆ ಕೆಲಸ ಮಾಡಿತು, ಎಷ್ಟು ದಿನ ಉಳಿಯಿತು ಎಂಬುದನ್ನು ಬೆಳೆ ಬೆಳೆಗೂ ಕೂತು ಅಳೆಯುವ ಕೆಲಸ ಇನ್ನೂ ಬಹಳ ಬಾಕಿ ಇದೆ. ಆ ಕೆಲಸ ಮಾಡಬೇಕಾದವರು ಕೃಷಿ ವಿಶ್ವವಿದ್ಯಾಲಯಗಳು. ಮೂದಲಿಸಿ ತಳ್ಳುವುದೂ ಬೇಡ, ಅಳೆಯದೆ ಹೊಗಳುವುದೂ ಬೇಡ.

ದಾಸ್ತಾನಿನ ಕಾಳಿನಲ್ಲಿ ಮಾತ್ರ ನಮ್ಮ ಹೆಂಗಸರ ತಿಳಿವಳಿಕೆಗೆ ವಿಜ್ಞಾನ ಹೆಚ್ಚು ತಕರಾರಿಲ್ಲದೆ ಒಪ್ಪಿಗೆ ಹಾಕಿದೆ. ತೊಗರಿಬೇಳೆಗೆ, ಹೆಸರುಕಾಳಿಗೆ ತೆಳ್ಳಗೆ ಹರಳೆಣ್ಣೆ ಸವರಿಡುವುದು, ಕಣಜದಲ್ಲಿ ಪದರ ಪದರವಾಗಿ ಬೇವಿನ ಸೊಪ್ಪು, ಲಕ್ಕಿ ಸೊಪ್ಪು ಹಾಕುವುದು, ಬಜೆಯ ತುಂಡು ಇಡುವುದು ಎಲ್ಲ ನಮ್ಮಲ್ಲಿ ಹಳೆಯವು. ಕಾಳಿನ ಮೈಗೆ ಅಂಟಿಸಿದ ಮೊಟ್ಟೆಗೆ ಎಣ್ಣೆಯ ಪೊರೆಯಿಂದ ಉಸಿರು ಕಟ್ಟುತ್ತದೆ. ಮುಚ್ಚಿದ ಜಾಗ, ಬಿಸಿಲಿಲ್ಲ, ಮಳೆಯಿಲ್ಲ. ಗಿಡದ ವಸ್ತುಗಳಿಗೆ ಇದಕ್ಕಿಂತ ಒಳ್ಳೆಯ ತಾಣ ಇನ್ನೊಂದಿಲ್ಲ. ಗಿಡಗಳ ಆರೈಕೆಯ ವಿದ್ಯೆ ನಮ್ಮ ಭಾಷೆಗೆ ಹೊಸದೂ ಅಲ್ಲ. ಹನ್ನೊಂದನೆಯ ಶತಮಾನದ ಇಮ್ಮಡಿ ಚಾವುಂಡರಾಯನ ‘ಲೋಕೋಪಕಾರ’ದಲ್ಲಿ ವೃಕ್ಷಾಯುರ್ವೇದಕ್ಕೇ ಒಂದು ಭಾಗವಿದೆ.

ಗಿಡದಿಂದ ಬಂದದ್ದು ಮನುಷ್ಯನಿಗೆ ನಿರಪಾಯ ಎಂಬ ನಂಬಿಕೆಯನ್ನು ಮಾತ್ರ ಬಿಡಲೇಬೇಕು. ತಂಬಾಕಿನ ನಿಕೋಟಿನ್ ಹುಳುವನ್ನು ಕೊಲ್ಲುವಷ್ಟೇ ಚುರುಕಾಗಿ ಮನುಷ್ಯನನ್ನೂ ಕೊಲ್ಲಬಲ್ಲದು, ಚರ್ಮದ ಮೂಲಕವೂ ಮೈ ಸೇರುತ್ತದೆ. ಹಸಿ ತಂಬಾಕಿನ ಎಲೆ ಕೀಳುವವರಿಗೆ ತಲೆಸುತ್ತು, ವಾಂತಿ ಬರುವುದು ಇದರಿಂದಲೇ. ಅಗ್ನಿಅಸ್ತ್ರದಲ್ಲಿ ತಂಬಾಕು ಸೇರುತ್ತದೆ. ಅದನ್ನು ಕುದಿಸುವವರು, ಬರಿಮೈಯಲ್ಲಿ ಹೊಡೆಯುವವರು ಇದನ್ನು ತಿಳಿದಿರಬೇಕು. ಡೆರ್ರಿಸ್ ಬಳ್ಳಿಯ ಬೇರಿನ ರೋಟೆನೋನ್ ಅನ್ನು ದಶಕಗಳ ಕಾಲ ಸಾವಯವ ತೋಟಗಳಲ್ಲಿ ನೆಮ್ಮದಿಯಿಂದ ಬಳಸಿದರು. 2000ರಲ್ಲಿ ಅದು ಇಲಿಗಳಲ್ಲಿ ಪಾರ್ಕಿನ್ಸನ್ ಕಾಯಿಲೆಯಂಥ ಲಕ್ಷಣ ತರುವುದು ಕಂಡ ಮೇಲೆ ಯುರೋಪು, ಅಮೆರಿಕಗಳಲ್ಲಿ ಬೆಳೆಗಳಿಂದ ದೂರವಾಯಿತು. ಮೀನಿಗಂತೂ ಅದು ಘೋರ ವಿಷ. ಬೇವು ಇವುಗಳ ಮುಂದೆ ಬಹಳ ಸೌಮ್ಯ. ಆದರೂ ಕೂಸುಗಳಿಗೆ ಬೇವಿನೆಣ್ಣೆ ಕುಡಿಸಿ ಮಿದುಳಿಗೆ ಪೆಟ್ಟಾದ ಪ್ರಕರಣಗಳು ವೈದ್ಯಕೀಯ ದಾಖಲೆಗಳಲ್ಲಿವೆ. ಕೆರೆ, ಹೊಂಡದ ಅಂಚಿನಲ್ಲಿ ಪಂಪು ತೊಳೆಯಬಾರದೆಂಬ ನಿಯಮ ಕಷಾಯಕ್ಕೂ ಸಲ್ಲಬೇಕು.

ಇಷ್ಟು ಹೇಳಿದ ಮೇಲೂ ಎರಡು ಬಗೆಯ ಅಪಾಯಗಳನ್ನು ಒಂದೇ ಎಂದು ತೂಗುವುದು ತಪ್ಪು. 2017ರಲ್ಲಿ ಮಹಾರಾಷ್ಟ್ರದ ಯವತ್ಮಾಳದಲ್ಲಿ ಹತ್ತಿಗೆ ಔಷಧಿ ಹೊಡೆಯುತ್ತಿದ್ದ 20ಕ್ಕೂ ಹೆಚ್ಚು ರೈತರು, ಕೂಲಿಕಾರರು ಸತ್ತರು. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಸುರಿದ ಎಂಡೋಸಲ್ಫಾನ್ ಕಾಸರಗೋಡಿನಲ್ಲೂ, ಬೆಳ್ತಂಗಡಿಯ ಕೊಕ್ಕಡದ ಸುತ್ತಲೂ ಉಳಿಸಿಹೋದ ಮಕ್ಕಳನ್ನು, ಅವರನ್ನು ಹೊತ್ತು ಸಾಕುವ ತಾಯಂದಿರನ್ನು ಈ ನಾಡು ಕಂಡಿದೆ. 2011ರಲ್ಲಿ ಸುಪ್ರೀಂ ಕೋರ್ಟು ಅದನ್ನು ತಡೆಯಿತು. ಅಷ್ಟರಲ್ಲಿ ಒಂದು ತಲೆಮಾರು ಬೆಲೆ ತೆತ್ತಿತ್ತು. ಬೇರೆ ದಾರಿ ಹುಡುಕುವುದು ಹವ್ಯಾಸದ ವಿಷಯವಲ್ಲ ಎಂದು ನಾನು ಹೇಳುವುದು ಇದಕ್ಕೇ.

ಕಷಾಯದ ದೊಡ್ಡ ದೌರ್ಬಲ್ಯ ಬಿಸಿಲು. ಸೂರ್ಯನ ಅತಿನೇರಳೆ ಕಿರಣಕ್ಕೆ ಅಜಾಡಿರಾಕ್ಟಿನ್ ಕೆಲವೇ ದಿನಗಳಲ್ಲಿ ಒಡೆದುಹೋಗುತ್ತದೆ. ಬೆಳೆಯ ಮೇಲೆ ವಿಷ ಉಳಿಯುವುದಿಲ್ಲ ಎಂಬ ಲಾಭವೂ ಅಲ್ಲಿಂದಲೇ, ಮತ್ತೆ ಮತ್ತೆ ಹೊಡೆಯಬೇಕೆಂಬ ಕಷ್ಟವೂ ಅಲ್ಲಿಂದಲೇ. ಸೇವಂತಿಗೆ ಕುಲದ ಪೈರೆತ್ರಮ್ ಹೂವಿನಲ್ಲೂ ಇದೇ ತೊಡಕಿತ್ತು. ಕೀನ್ಯಾದ ಎತ್ತರದ ನೆಲದಲ್ಲಿ ಬೆಳೆದು ಬರುತ್ತಿದ್ದ ಆ ಹೂವಿನ ಪುಡಿ ನೊಣ, ಸೊಳ್ಳೆಗಳನ್ನು ಕ್ಷಣದಲ್ಲಿ ಕೆಡವುತ್ತಿತ್ತು, ಬಿಸಿಲಿಗೆ ಮಾತ್ರ ನಿಲ್ಲುತ್ತಿರಲಿಲ್ಲ. ಇಂಗ್ಲೆಂಡಿನ ರಾಥಮ್‌ಸ್ಟೆಡ್‌ನಲ್ಲಿ ಮೈಕೇಲ್ ಎಲಿಯಟ್ ಅವರ ತಂಡ ಅದರ ಅಣುವನ್ನು ತಿದ್ದಿ 1973ರಲ್ಲಿ ಬಿಸಿಲು ತಾಳುವ ಪರ್ಮೆತ್ರಿನ್ ರೂಪಿಸಿತು. ಅಲ್ಲಿಂದ ಸಿಂಥೆಟಿಕ್ ಪೈರೆತ್ರಾಯ್ಡ್‌ಗಳ ಯುಗ ಶುರುವಾಯಿತು. ಹುಳುಗಳು ಅವಕ್ಕೂ ಒಗ್ಗಿಕೊಂಡವು, ತೊಗರಿ ಮತ್ತು ಹತ್ತಿಯ ಕಾಯಿಕೊರಕ ಅದರಲ್ಲಿ ಮುಂದು. ಗಿಡ ಕೊಟ್ಟ ಒಂದು ಅಣುವನ್ನು ಎತ್ತಿಕೊಂಡು, ಬಾಳಿಕೆ ಬರಿಸಿ, ಎಲ್ಲೆಲ್ಲೂ ಸುರಿದರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಕಿಲ್ಲ.

ಹೊಲದಲ್ಲಿ ಕಷಾಯದ ಪಾಕ ಎಲ್ಲರಿಗೂ ಗೊತ್ತಿರುವಂಥದ್ದೇ: 5 ಕಿಲೊ ಬೀಜದ ತಿರುಳನ್ನು ಪುಡಿ ಮಾಡಿ, ಬಟ್ಟೆಯಲ್ಲಿ ಕಟ್ಟಿ 10 ಲೀಟರ್ ನೀರಿನಲ್ಲಿ ರಾತ್ರಿಯಿಡೀ ನೆನೆಸಿ, ಬೆಳಿಗ್ಗೆ ಹಿಂಡಿ ಸೋಸಿ, ಸ್ವಲ್ಪ ಸೋಪಿನ ಪುಡಿ ಸೇರಿಸಿ 100 ಲೀಟರಿಗೆ ಏರಿಸುವುದು. ಸಂಜೆ ಹೊತ್ತು, ಎಲೆಯ ಅಡಿಭಾಗ ತೊಯ್ಯುವಂತೆ ಹೊಡೆಯಬೇಕು. ಕೆಡುವುದು ಇದಕ್ಕೆ ಮೊದಲೇ, ಬೀಜದಲ್ಲಿ. ನಮ್ಮಲ್ಲಿ ಬೇವಿನ ಹಣ್ಣು ಉದುರುವುದು ಮಳೆಗಾಲದ ಮೊದಲ ತಿಂಗಳುಗಳಲ್ಲಿ. ತೇವದ ನೆಲದಲ್ಲಿ ಬಿದ್ದ ಹಣ್ಣನ್ನು ಬೇಗ ಆಯ್ದು, ಸಿಪ್ಪೆ ತೆಗೆದು, ನೆರಳಿನಲ್ಲಿ ಒಣಗಿಸದಿದ್ದರೆ ಬೂಷ್ಟು ಹಿಡಿಯುತ್ತದೆ, ಸತ್ವ ಇಳಿಯುತ್ತದೆ. ವರ್ಷ ಹಳೆಯ ಬೀಜದಿಂದ ಮಾಡಿದ ಕಷಾಯ ಬಣ್ಣದಲ್ಲಿ ಮಾತ್ರ ಕಷಾಯ. ಮರದಿಂದ ಮರಕ್ಕೂ ಅಜಾಡಿರಾಕ್ಟಿನ್ ಪ್ರಮಾಣ ಬೇರೆ ಬೇರೆ. ಬೆಳೆದ ತೊಗರಿಗೆ ಎಕರೆಗೆ 200 ಲೀಟರ್ ಬೇಕಾದರೆ ಒಂದು ಸಲಕ್ಕೆ 10 ಕಿಲೊ ತಿರುಳು ಬೇಕು, ಐದು ಎಕರೆಯವನಿಗೆ ಅರ್ಧ ಕ್ವಿಂಟಾಲ್. ಕೂಲಿ ದುಬಾರಿಯಾದ ಈ ಕಾಲದಲ್ಲಿ ಅಷ್ಟು ಬೀಜ ಆಯುವವರು ಯಾರು ಎಂಬ ಪ್ರಶ್ನೆಯನ್ನು ಉಪದೇಶ ಮಾಡುವವರು ಕೇಳಿಕೊಳ್ಳುವುದು ಅಪರೂಪ.

ಬೀಜಕ್ಕೆ ಬೇರೆ ಗಿರಾಕಿಗಳೂ ಇದ್ದಾರೆ. 2015ರಿಂದ ದೇಶದಲ್ಲಿ ತಯಾರಾಗುವ ಯೂರಿಯಾಕ್ಕೆಲ್ಲ ಬೇವಿನೆಣ್ಣೆ ಲೇಪ ಕಡ್ಡಾಯ. ಅದಕ್ಕೂ ಮೊದಲು, 1990ರ ದಶಕದಲ್ಲಿ, ಅಮೆರಿಕದ ಡಬ್ಲ್ಯು.ಆರ್. ಗ್ರೇಸ್ ಕಂಪನಿ ಇಲ್ಲಿಯ ಪಿ.ಜೆ. ಮಾರ್ಗೊ ಜೊತೆ ಸೇರಿ ತುಮಕೂರಿನಲ್ಲಿ ದಿನಕ್ಕೆ 20 ಟನ್ ಬೀಜ ಅರೆಯುವ ಘಟಕ ತೆರೆದಿತ್ತು. ಬೀಜದ ಬೆಲೆ ಏರಿ ಬಡವರ ಕೈಗೆ ಸಿಗದಂತಾಗುತ್ತದೆ ಎಂಬುದು ಹೋರಾಟಗಾರರ ಆಕ್ಷೇಪವಾಗಿತ್ತು. ಅದೇ ಗ್ರೇಸ್ ಮತ್ತು ಅಮೆರಿಕದ ಕೃಷಿ ಇಲಾಖೆ ಬೇವಿನೆಣ್ಣೆಯಿಂದ ಶಿಲೀಂಧ್ರ ತಡೆಯುವ ವಿಧಾನಕ್ಕೆ 1994ರಲ್ಲಿ ಯುರೋಪಿನಲ್ಲಿ ಪಡೆದ ಪೇಟೆಂಟನ್ನು ವಂದನಾ ಶಿವ ಮತ್ತಿತರರು ಪ್ರಶ್ನಿಸಿದರು. 2000ದಲ್ಲಿ ಅದು ರದ್ದಾಯಿತು, 2005ರಲ್ಲಿ ಮೇಲ್ಮನವಿಯೂ ಬಿತ್ತು. ಬೇವು ನಮ್ಮದಾಗಿ ಉಳಿಯಿತು. ಆದರೆ ಆ ಗೆಲುವಿನ ನಂತರ ಬೀಜ ಕೂಡಿಸುವ, ಕಾಯುವ, ಹಂಚುವ ವ್ಯವಸ್ಥೆಯನ್ನು ನಾವು ಕಟ್ಟಲಿಲ್ಲ ಎಂಬ ಬೇಸರ ನನಗಿದೆ.

ಆ ಖಾಲಿ ಜಾಗವನ್ನು ಅಂಗಡಿ ತುಂಬಿದೆ. 300, 1500, 10,000 ಪಿಪಿಎಂ ಎಂದು ನಮೂದಿಸಿದ ನೋಂದಾಯಿತ ಬೇವಿನ ಉತ್ಪನ್ನಗಳು ಇವೆ, ಒಳ್ಳೆಯವೂ ಇವೆ. ಅವುಗಳ ಪಕ್ಕದಲ್ಲೇ ಹಸಿರು ಎಲೆಯ ಚಿತ್ರ ಹಾಕಿ, ಒಳಗೆ ಏನಿದೆ ಎಂದು ಹೇಳದೆ, ‘ಸಾವಯವ’ ಎಂದು ಮಾರುವ ಬಾಟಲಿಗಳೂ ಇವೆ. ಸಂಜೆಯೊಳಗೆ ಹುಳು ಉದುರಿಸುವ ‘ಗಿಡಮೂಲಿಕೆ’ ಬಾಟಲಿಯನ್ನು ಸಂಶಯದಿಂದಲೇ ನೋಡಬೇಕು. ಅಷ್ಟು ಬೇಗ ಕೊಲ್ಲುವುದು ಬೇವಿನ ಸ್ವಭಾವವಲ್ಲ, ಒಳಗೆ ಬೇರೆ ರಾಸಾಯನಿಕ ಕಲಸಿರುವ ಸಾಧ್ಯತೆಯೇ ಹೆಚ್ಚು. 2021ರಲ್ಲಿ ಕೇಂದ್ರ ಸರ್ಕಾರ ರಸಗೊಬ್ಬರ ನಿಯಂತ್ರಣ ಆದೇಶಕ್ಕೆ ತಿದ್ದುಪಡಿ ತಂದು, ಬೆಳವಣಿಗೆ ಪ್ರಚೋದಕಗಳ ಹೆಸರಿನಲ್ಲಿ ಬರುವ ಸಸ್ಯಸಾರಗಳನ್ನೂ ಕಾನೂನಿನೊಳಗೆ ತಂದಿತು. ಕಾಗದದ ಮೇಲಿನ ಕಾನೂನು ತಾಲ್ಲೂಕಿನ ಅಂಗಡಿಯ ಕಪಾಟಿನವರೆಗೆ ಇಳಿಯಬೇಕಾದರೆ ಮಾದರಿ ತೆಗೆದು ಪರೀಕ್ಷಿಸುವ ಪ್ರಯೋಗಾಲಯಗಳು ಬೇಕು. ಮೋಸಹೋದ ರೈತ ಬೈಯುವುದು ಮೋಸ ಮಾಡಿದ ಕಂಪನಿಯನ್ನಲ್ಲ, ಬೇವನ್ನು.

ಹೊತ್ತಿನ ಮಾತು ಎಷ್ಟು ನಿಜ ಎಂಬುದನ್ನು ಮೆಕ್ಕೆಜೋಳದ ಫಾಲ್ ಸೈನಿಕ ಹುಳು ತೋರಿಸಿತು. ಅಮೆರಿಕ ಖಂಡದ ಈ ಕೀಟ ಆಫ್ರಿಕಾದ ಬೆಳೆಗೆ ನುಗ್ಗಿದ ಎರಡು ವರ್ಷಕ್ಕೆ ಭಾರತದಲ್ಲಿ ಮೊದಲು ಕಂಡದ್ದು 2018ರ ಮೇ ತಿಂಗಳಲ್ಲಿ, ಶಿವಮೊಗ್ಗದಲ್ಲಿ. ಹೆಣ್ಣು ಪತಂಗ ಎಲೆಯ ಮೇಲೆ ಗುಂಪಾಗಿ ಮೊಟ್ಟೆ ಇಡುತ್ತದೆ. ಮರಿಗಳು ಮೊದಲ ದಿನಗಳಲ್ಲಿ ಎಲೆಯ ಹಸಿರನ್ನು ಕೆರೆದು ಬಿಳಿ ಕಿಟಕಿಗಳನ್ನು ಮಾಡುತ್ತವೆ. ಆಗ ಶೇ 5ರ ಬೇವಿನ ಕಷಾಯ, ಅಥವಾ 1500 ಪಿಪಿಎಂ ಉತ್ಪನ್ನವನ್ನು ಲೀಟರಿಗೆ 5 ಮಿಲಿಯಂತೆ ಹೊಡೆದರೆ ಉಪಯೋಗ. ವಾರ ಕಳೆದರೆ ಹುಳು ಸುಳಿಯೊಳಗೆ ಇಳಿದು ತನ್ನ ಲದ್ದಿಯನ್ನೇ ಮುಚ್ಚಳ ಮಾಡಿಕೊಳ್ಳುತ್ತದೆ. ಅಲ್ಲಿಗೆ ಕಷಾಯ ತಲುಪುವುದಿಲ್ಲ. ಆ ಹಂತಕ್ಕೆ ಬೇರೆ ಔಷಧಿಯನ್ನು ಕೃಷಿ ವಿಜ್ಞಾನಿಗಳೇ ಶಿಫಾರಸು ಮಾಡುತ್ತಾರೆ. ಅದನ್ನು ಒಪ್ಪಿಕೊಳ್ಳುವುದರಲ್ಲಿ ಸಾವಯವದ ಮಾನ ಹೋಗುವುದಿಲ್ಲ.

ಕಲಬುರಗಿಯ ತೊಗರಿ ಹೊಲಗಳಲ್ಲೂ ಲೆಕ್ಕ ಹೀಗೆಯೇ. ಹೂ ಬಿಡುವ ಹೊತ್ತಿಗೆ ಕಾಯಿಕೊರಕದ ಪತಂಗ ಮೊಗ್ಗಿಗೆ, ಹೂವಿಗೆ ಬಿಡಿಬಿಡಿಯಾಗಿ ಮೊಟ್ಟೆ ಇಡುತ್ತದೆ. ಆಗ ಮೋಹಕ ಬಲೆಯಲ್ಲಿ ಬಿದ್ದ ಪತಂಗಗಳನ್ನು ನೋಡಿಕೊಂಡು ಕಷಾಯ ಹೊಡೆದವನಿಗೆ ಫಲ ಸಿಗುತ್ತದೆ. ಹುಳು ದೊಡ್ಡದಾಗಿ ಕಾಯಿಯೊಳಗೆ ತಲೆ ಹಾಕಿದ ಮೇಲೆ ಅಲ್ಲಿಯ ರೈತರು ಹಿಂದಿನಿಂದ ಮಾಡಿಕೊಂಡು ಬಂದದ್ದೇ ವಾಸಿ: ಸಾಲಿನ ಕೆಳಗೆ ಬಟ್ಟೆ ಹಾಸಿ, ಗಿಡ ಅಲ್ಲಾಡಿಸಿ, ಉದುರಿದ ಹುಳುಗಳನ್ನು ಕೂಡಿಸಿ ತೆಗೆಯುವುದು. ಬೀಜ ಆಯುವ ಕೆಲಸಕ್ಕೂ, ಈ ಕೆಲಸಕ್ಕೂ ಉದ್ಯೋಗ ಖಾತ್ರಿಯ ಕೂಲಿಯನ್ನು ಏಕೆ ಜೋಡಿಸಬಾರದು? ಮಳೆಗಾಲದ ಮೊದಲ ತಿಂಗಳುಗಳಲ್ಲಿ ಪಂಚಾಯಿತಿ ಮಟ್ಟದಲ್ಲಿ ಬೀಜ ಕೊಂಡು, ನೆರಳಿನಲ್ಲಿ ಒಣಗಿಸಿ, ಪುಡಿ ಮಾಡುವ ಒಂದು ಯಂತ್ರ ಇಟ್ಟು, ತೊಗರಿ ಹೂ ಬಿಡುವ ಹೊತ್ತಿಗೆ ರೈತ ಸಂಪರ್ಕ ಕೇಂದ್ರದಲ್ಲಿ ಆ ವರ್ಷದ್ದೇ ಪುಡಿ ಸಿಗುವಂತೆ ಮಾಡಲು ಹೊಸ ವಿಜ್ಞಾನ ಬೇಕಿಲ್ಲ. ಬೀದರಿನಿಂದ ಚಾಮರಾಜನಗರದವರೆಗೆ ಬಯಲು ಸೀಮೆಯ ಊರುಗಳಲ್ಲಿ ಮರಗಳಿವೆ, ಆಯಬಲ್ಲ ಕೈಗಳೂ ಇವೆ. ಕಿಲೊಗೆ ಎಷ್ಟು ಕೊಡುತ್ತೇವೆ ಎಂಬುದನ್ನು ಹಣ್ಣು ಬೀಳುವ ಮೊದಲೇ ಸರ್ಕಾರ ಹೇಳಬೇಕು.